ತಟ್ಟೆ ಎತ್ತಿಕೊಂಡ ತಾಯಿ

ನನಗೆ ಓದಲು ಬರುವ ಚಿತ್ರಕಥೆಗಳಲ್ಲಿ ಮನೆಯೊಳಗಿನ ಮುನಿಸು ಅಂದರೆ ಎರಡು ಪುಟ ಡೈಲಾಗ್ ಗ್ಯಾರಂಟಿ. ‘ನಿನಗೆ ನನ್ನ ಮೇಲೆ ಪ್ರೀತಿನೇ ಇಲ್ಲ’ ಅನ್ನುವ ಮಾತು ಐದನೇ ಸೀನಿಗೇ ಬಂದುಬಿಡುತ್ತದೆ. ಹಾಗೆ ಬರೆಯುವವರಿಗೆ ನಾನು ‘ಆರ್ಡಿನರಿ ಪೀಪಲ್’ ನೋಡಿ ಅನ್ನುತ್ತೇನೆ. 1980ರ ಅಮೆರಿಕನ್ ಚಿತ್ರ, ನಟ ರಾಬರ್ಟ್ ರೆಡ್‌ಫೋರ್ಡ್ ಮೊದಲ ಸಲ ನಿರ್ದೇಶಿಸಿದ್ದು. ಜೂಡಿತ್ ಗೆಸ್ಟ್ ಅವರ ಕಾದಂಬರಿಗೆ ಆಲ್ವಿನ್ ಸಾರ್ಜೆಂಟ್ ಚಿತ್ರಕಥೆ ಬರೆದರು.

ಷಿಕಾಗೋ ಹತ್ತಿರದ ಸ್ಥಿತಿವಂತರ ಮನೆ. ದೊಡ್ಡ ಮಗ ದೋಣಿ ದುರಂತದಲ್ಲಿ ಸತ್ತಿದ್ದಾನೆ. ಬದುಕುಳಿದ ಚಿಕ್ಕವನು ಕಾನ್ರಾಡ್ ಪ್ರಾಣ ಕಳೆದುಕೊಳ್ಳಲು ಹೋಗಿ, ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದಾನೆ.

ಬೆಳಗಿನ ತಿಂಡಿ. ತಾಯಿ ಬೆತ್ ಫ್ರೆಂಚ್ ಟೋಸ್ಟ್ ಮಾಡಿದ್ದಾಳೆ. ಹುಡುಗ ಹಸಿವಿಲ್ಲ ಅನ್ನುತ್ತಾನೆ. ಅಷ್ಟೇ, ಆಕೆ ತಟ್ಟೆ ಎತ್ತಿಕೊಂಡು ಹೋಗಿ ಎಲ್ಲವನ್ನೂ ಸಿಂಕಿಗೆ ಸುರಿದುಬಿಡುತ್ತಾಳೆ. ‘ತಡಿ, ತಿಂತಾನೆ’ ಅಂತ ಅಪ್ಪ ಹೇಳುವಷ್ಟರಲ್ಲಿ ಮುಗಿದಿರುತ್ತದೆ. ಫ್ರೆಂಚ್ ಟೋಸ್ಟ್ ಎತ್ತಿಡೋಕಾಗಲ್ಲ ಅನ್ನುವುದು ಆಕೆಯ ಸಮಜಾಯಿಷಿ. ನಿಜವೇ, ಎತ್ತಿಟ್ಟರೆ ಚೆನ್ನಾಗಿರಲ್ಲ! ದನಿ ಏರಿಲ್ಲ, ಬೈಗುಳವಿಲ್ಲ. ಆಕೆಯ ತಪ್ಪು ಏನು ಅಂತ ಬೊಟ್ಟು ಮಾಡಿ ತೋರಿಸಲೂ ಆಗುವುದಿಲ್ಲ. ಆದರೂ ಆ ಹುಡುಗ ಕುಗ್ಗಿಹೋಗಿದ್ದು ನಮಗೆ ಕಾಣುತ್ತದೆ.

ಆಮೇಲೆ ಫೋಟೋ ತೆಗೆಯುವ ಸೀನ್. ಅಮ್ಮ-ಮಗನನ್ನು ಜೊತೆಗೆ ನಿಲ್ಲಿಸಿ ಕ್ಲಿಕ್ ಮಾಡಬೇಕು ಅಂತ ಅಪ್ಪನಿಗೆ ಆಸೆ. ಬೆತ್ ನಗುತ್ತಲೇ, ‘ಕ್ಯಾಮೆರಾ ನನಗೆ ಕೊಡಿ, ನಿಮ್ಮಿಬ್ಬರದು ತೆಗೀತೀನಿ’ ಅಂತ ಮತ್ತೆ ಮತ್ತೆ ಕೇಳುತ್ತಾಳೆ. ಕೊನೆಗೆ ಮಗನೇ ಕಿರುಚುತ್ತಾನೆ, ಕೊಟ್ಟುಬಿಡಿ ಅವಳಿಗೆ ಅಂತ. ಬರೆಯುವವರು ಗಮನಿಸಬೇಕಾದದ್ದು ಇಲ್ಲಿದೆ: ಜಗಳ ಕ್ಯಾಮೆರಾದ್ದು, ನೋವು ಬೇರೆಯದು. ಆ ಬೇರೆಯದರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಟಿವಿ ಹಾಸ್ಯ ಧಾರಾವಾಹಿಯಿಂದ ಮನೆಮಾತಾಗಿದ್ದ ಮೇರಿ ಟೈಲರ್ ಮೂರ್‌ಗೆ ಬೆತ್ ಪಾತ್ರ ಕೊಟ್ಟದ್ದು ಜಾಣತನ. ಜನಕ್ಕೆ ಗೊತ್ತಿದ್ದ ನಗುವೇ ಇಲ್ಲಿ ಬಾಗಿಲು ಹಾಕಿಕೊಳ್ಳುತ್ತದೆ. ‘ನಿನ್ನ ಮೇಲೆ ಪ್ರೀತಿ ಇದೆಯೋ ಇಲ್ಲವೋ ಗೊತ್ತಿಲ್ಲ’ ಅಂತ ಗಂಡ ಹೇಳುವುದು ಚಿತ್ರ ಇನ್ನೇನು ಮುಗಿಯಬೇಕು ಅನ್ನುವಾಗ. ಅಲ್ಲಿವರೆಗೆ ಕಾದಿದ್ದಕ್ಕೇ ಆ ಮಾತಿಗೆ ತೂಕ.

ನನ್ನ ತಕರಾರು ಕಾನ್ರಾಡ್ ಮನೋವೈದ್ಯರ ಹತ್ತಿರ ಹೋಗುವ ಸೀನುಗಳ ಮೇಲೆ. ವೈದ್ಯರ ಪಾತ್ರವನ್ನು ಜಡ್ ಹರ್ಷ್ ಚೆನ್ನಾಗೇ ಮಾಡಿದ್ದಾರೆ, ಆದರೆ ತಟ್ಟೆ ಹೇಳಿದ್ದನ್ನೇ ಅಲ್ಲಿ ಮತ್ತೆ ಬಿಡಿಸಿ ಹೇಳುತ್ತಾರೆ. ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ‘ರೇಜಿಂಗ್ ಬುಲ್’ ಬಿಟ್ಟು ಇದಕ್ಕೆ ಹೋಯಿತು ಅಂತ ಇವತ್ತಿಗೂ ಗೊಣಗುವವರಿದ್ದಾರೆ. ಗೊಣಗಲಿ. ಚಿತ್ರಕಥೆ ಕಲಿಯುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ.