ಪಂಚಾಯ್ತಿಗೆ ಮಾನ ಇಲ್ವಾ ವಕೀಲರೇ?

ಮಳೆಗಾಲದಲ್ಲಿ ಶಿರಸಿಯ ನನ್ನ ಆಫೀಸಿಗೆ ಬರುವವರು ಕಾಗದಪತ್ರವನ್ನು ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿ ತರುತ್ತಾರೆ. ಆ ದಿನ ಪಂಚಾಯ್ತಿ ಅಧ್ಯಕ್ಷರೊಬ್ಬರು ತಂದ ಕೊಟ್ಟೆಯಲ್ಲಿ ಒಂದು ಪತ್ರಿಕೆ, ಜೊತೆಗೆ ಗ್ರಾಮ ಪಂಚಾಯ್ತಿಯ ಠರಾವು. ಹಳ್ಳ ದಾಟುವ ಕಾಲುಸಂಕ ಅರ್ಧಕ್ಕೇ ನಿಂತಿದೆ, ಬಿಲ್ಲು ಮಾತ್ರ ಪೂರ್ತಿ ಆಗಿದೆ ಎಂದು ವರದಿಗಾರನೊಬ್ಬ ಬರೆದಿದ್ದ. ಪಂಚಾಯ್ತಿಯ ಮಾನಹಾನಿಗೆ ಐದು ಲಕ್ಷ ಪರಿಹಾರ ಕೇಳಬೇಕು ಎಂದು ಠರಾವು. (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ! ಪಂಚಾಯ್ತಿ ತನ್ನ ಹೆಸರಲ್ಲಿ ಮಾನಹಾನಿ ಪರಿಹಾರದ ದಾವೆ ಹಾಕುವ ಹಾಗಿಲ್ಲ. 1994ರಲ್ಲೇ ಆರ್. ರಾಜಗೋಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿಯಾಗಿದೆ. ಗಲ್ಲು ಶಿಕ್ಷೆಯಾಗಿದ್ದ ಆಟೋ ಶಂಕರ್‌ನ ಆತ್ಮಕತೆಯನ್ನು ತಮಿಳಿನ ನಕ್ಕೀರನ್ ಪತ್ರಿಕೆ ಅಚ್ಚು ಹಾಕಲು ಹೊರಟಿತ್ತು. ಅದರಲ್ಲಿ ಅಧಿಕಾರಿಗಳ ಹೆಸರೂ ಬರುವುದಿತ್ತು. ಅಚ್ಚು ಹಾಕಬೇಡಿ ಎಂದು ಜೈಲು ಇಲಾಖೆಯಿಂದ ಪತ್ರ ಹೋಯಿತು. ಮೊದಲೇ ತಡೆಯುವ ಅಧಿಕಾರ ನಿಮಗಿಲ್ಲ, ಅಚ್ಚಾದ ಮೇಲೆ ಬೇಕಾದರೆ ಕೋರ್ಟಿಗೆ ಬನ್ನಿ ಎಂದಿತು ಕೋರ್ಟು. ಸರ್ಕಾರವಾಗಲಿ ಸ್ಥಳೀಯ ಸಂಸ್ಥೆಯಾಗಲಿ ಮಾನಹಾನಿ ಪರಿಹಾರ ಕೇಳುವಂತಿಲ್ಲ ಎಂದೂ ಹೇಳಿತು.

"ಹಾಗಾದ್ರೆ ನನ್ನ ಹೆಸರಲ್ಲೇ ಹಾಕಿ" ಅಂದರು ಅಧ್ಯಕ್ಷರು.

ಹಾಕಬಹುದು. ಆದರೆ ಅಧಿಕಾರದಲ್ಲಿರುವವರ ಕೆಲಸದ ಬಗ್ಗೆ ಬರೆದದ್ದು ಸುಳ್ಳು ಅಂತ ತೋರಿಸಿದರೆ ಸಾಲದು. ನಿಜವೋ ಸುಳ್ಳೋ ನೋಡುವ ಗೊಡವೆಗೇ ಹೋಗದೆ ಬರೆದ ಅಂತಲೂ ತೋರಿಸಬೇಕು. ವರದಿಗಾರ ತಾನು ತಕ್ಕಮಟ್ಟಿಗೆ ವಿಚಾರಿಸಿಯೇ ಬರೆದೆ ಎಂದು ತೋರಿಸಿದರೆ ಸಾಕು. ಬರೆದದ್ದೆಲ್ಲ ನಿಜ ಎಂದು ಸಾಬೀತು ಮಾಡಬೇಕಿಲ್ಲ. ಇಲ್ಲೇ ಎಲ್ಲರೂ ಎಡವುವುದು. "ಸುಳ್ಳು ಬರೆದಿದಾನೆ ವಕೀಲರೇ" ಅಂತ ಮೇಜು ಕುಟ್ಟುತ್ತಾರೆ. ಅವನು ಹೇಗೆ ವಿಚಾರಿಸಿದ, ಯಾರನ್ನು ಕೇಳಿದ ಎಂದರೆ ಸುಮ್ನಾಗುತ್ತಾರೆ. ಮನೆ, ಸಂಸಾರದ ವಿಷಯ ಬರೆದಿದ್ದರೆ ಬೇರೆ ಮಾತು. ಅಲ್ಲಿ ಪತ್ರಿಕೆಗೆ ಇಷ್ಟು ಸಲಿಗೆ ಇಲ್ಲ.

ಕ್ರಿಮಿನಲ್ ದೂರಿನ ದಾರಿಯೂ ಬೇರೆ. ಮಾನಹಾನಿಯನ್ನು ಅಪರಾಧ ಎನ್ನುವ ಆ ಕಾನೂನನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿದಿದೆ. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ. ಕಾಗದ ನೋಡದೆ ಅದರ ಬಗ್ಗೆ ಜಾಸ್ತಿ ಹೇಳಲಾರೆ.

ಅಧ್ಯಕ್ಷರು ಒಳ್ಳೆಯ ಮನುಷ್ಯ, ಸಿಟ್ಟು ಬೇಗ. ಚಹಾ ತರಿಸಿ ಕೇಳಿದೆ, "ಸಂಕ ಆಗಿದೆಯಾ?"

"ಎರಡೂ ಬದಿ ಕಂಬ ಆಗಿದೆ."

"ನಡುವೆ?"

"ಮಳೆ ಹಿಡೀತು."

"ಆ ಹುಡುಗ ನಿಮಗೆ ಫೋನ್ ಮಾಡಿದ್ನಾ?"

"ಎರಡು ಸಲ ಮಾಡಿದ್ದ. ನಾನೇ ಎತ್ತಲಿಲ್ಲ" ಎನ್ನುತ್ತಾ ಠರಾವನ್ನು ಕೊಟ್ಟೆಯೊಳಗೆ ಸೇರಿಸಿದರು.