ಉಕ್ಕಿನ ಮುಖಪರದೆಯ ಕಣ್ಣಿನ ಲೆಕ್ಕ

ಕಣ್ಣು ಮಂಜು ಎನ್ನುತ್ತ ಬಂದವರಿಗೆ ನಾವು ಸಣ್ಣ ತೂತುಗಳಿರುವ ಕಪ್ಪು ತಟ್ಟೆಯ ಮೂಲಕ ಅಕ್ಷರ ಓದಿಸುತ್ತೇವೆ. ಓದಲು ಬಂದರೆ, ಬಹುಮಟ್ಟಿಗೆ ಕನ್ನಡಕದಲ್ಲೇ ಸರಿಹೋಗುವ ತೊಂದರೆ. ಕಿರಿದಾದ ಕಿಂಡಿಯಿಂದಲೂ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ ಎಂಬ ಈ ತತ್ವವನ್ನು ನೆಚ್ಚಿಕೊಂಡು, ಮೊದಲ ಮಹಾಯುದ್ಧದ ಕಾಲದ ಫ್ರಾನ್ಸಿನಲ್ಲಿ ಸೈನಿಕರ ಮುಖಕ್ಕೂ ರಕ್ಷಣೆ ಕೊಡುವ ಪ್ರಯೋಗಗಳು ನಡೆದವು.

1914ರಲ್ಲಿ ಫ್ರೆಂಚ್ ಸೈನಿಕ ರಣರಂಗಕ್ಕೆ ಹೋದದ್ದು ಬಟ್ಟೆಯ ಟೋಪಿ ಹಾಕಿಕೊಂಡು. ಮರುವರ್ಷ ಸೇನೆಯ ಸರಬರಾಜು ಅಧಿಕಾರಿ ಆಗುಸ್ಟ್ ಲೂಯಿ ಆಡ್ರಿಯಾನ್ ಹೆಸರಿನ ಹೆಲ್ಮೆಟ್ ಬಂತು. ಉಕ್ಕಿನ ದಪ್ಪ 0.7 ಮಿಲಿಮೀಟರ್, ತೂಕ ಸುಮಾರು 700 ಗ್ರಾಂ. ನೇರ ಬಂದ ರೈಫಲ್ ಗುಂಡನ್ನು ಅದು ತಡೆಯುತ್ತಿರಲಿಲ್ಲ; ಮೇಲಿಂದ ಸುರಿಯುವ ಸಿಡಿಗುಂಡಿನ ಚೂರುಗಳಿಂದ ನೆತ್ತಿಯನ್ನು ಕಾಯುತ್ತಿತ್ತು. ಮುಖ ಮಾತ್ರ ಬಯಲಾಗಿಯೇ ಉಳಿಯಿತು.

ನಿಂತ ಮನುಷ್ಯನನ್ನು ಎದುರಿನಿಂದ ನೋಡಿದರೆ ಕಣ್ಣುಗಳು ಆವರಿಸುವ ಜಾಗ ಶೇ. 0.27 ಮಾತ್ರ. ಯುದ್ಧದ ಗಾಯಗಳಲ್ಲಿ ಅವುಗಳ ಪಾಲು ಅದಕ್ಕಿಂತ ಹಲವು ಪಟ್ಟು ಹೆಚ್ಚು. ಕಂದಕದಿಂದ ಇಣುಕುವವನು ಮೊದಲು ಹೊರಗೆ ಹಾಕುವುದು ಕಣ್ಣನ್ನೇ ತಾನೇ? ಜೊತೆಗೆ, ಕೆನ್ನೆಗೆ ತಾಗಿದರೆ ಎರಡು ದಿನದಲ್ಲಿ ಮಾಯುವ ಲೋಹದ ಚೂರು ಕಣ್ಣಿಗೆ ಹೊಕ್ಕರೆ ದೃಷ್ಟಿಯನ್ನೇ ಕಳೆಯಬಲ್ಲದು.

ವೈದ್ಯ ಪೋಲಾಕ್ ಆಡ್ರಿಯಾನ್ ಹೆಲ್ಮೆಟ್ಟಿಗೆ ಹೊಂದುವ, ಸೀಳುಗಳಿರುವ ಉಕ್ಕಿನ ಪರದೆಯನ್ನು ರೂಪಿಸಿದರು. ಮುಂದೆ ಅರಗಿನ ಕಲಾಕೃತಿಗಳಿಂದ ಹೆಸರಾದ, ಸ್ವಿಸ್ ಮೂಲದ ಲೋಹಶಿಲ್ಪಿ ಜಾಂ ಡ್ಯುನಾಂ ಎತ್ತಿ ಇಳಿಸಬಹುದಾದ ಪರದೆಯಿದ್ದ ಹೆಲ್ಮೆಟ್ ಮಾಡಿದರು. ಅಮೆರಿಕದ ಸೇನೆಯೂ ಇಂಥವುಗಳನ್ನು ಗಮನಿಸಿತು. ಯಾವುದೂ ಸಾಮಾನ್ಯ ಸೈನಿಕನ ಮುಖದ ಮೇಲೆ ನೆಲೆಯೂರಲಿಲ್ಲ.

ಸೀಳಿನ ಉಪಾಯ ತಪ್ಪೇನಲ್ಲ. ಸೀಳುಗಳ ನಡುವಿನ ಉಕ್ಕಿನ ಪಟ್ಟಿ ಕಣ್ಣಿಗೆ ತೀರಾ ಹತ್ತಿರವಿದ್ದರೆ ಅದರ ಅಂಚು ಮಸುಕಾಗಿ ಕರಗಿ, ಆಚೆಯ ನೋಟ ಉಳಿಯುತ್ತದೆ. ಅದೇ ಪಟ್ಟಿ ಸ್ವಲ್ಪ ದೂರ ಸರಿದರೆ ಕಿಟಕಿಯ ಸರಳಿನಂತೆ ಅಡ್ಡ ನಿಲ್ಲುತ್ತದೆ. ಓಡುವಾಗ ಹೆಲ್ಮೆಟ್ ಅಲುಗುತ್ತದೆ, ಮುಂಭಾಗದ ಭಾರಕ್ಕೆ ಹಣೆಯತ್ತ ಜಾರುತ್ತದೆ. ಕಣ್ಣಿನ ನೇರಕ್ಕಿದ್ದ ಸೀಳು ಕೆನ್ನೆಯ ನೇರಕ್ಕೆ ಬರುತ್ತದೆ. ಅಡ್ಡ ಸೀಳಿನಲ್ಲಿ ಎಡಬಲ ಕಂಡರೂ ಕಾಲಬುಡ ಕಾಣುವುದಿಲ್ಲ. ಕೆಸರು, ಮುಳ್ಳುತಂತಿ ತುಂಬಿದ ನೆಲದಲ್ಲಿ ಇದು ಸಣ್ಣ ಕೊರತೆಯಲ್ಲ. ನಸುಕಿನಲ್ಲಿ ಇನ್ನೂ ಕಷ್ಟ: ಬೆಳಕು ಸಾಲದೆ ಪಾಪೆ ಅರಳಿಕೊಂಡರೂ ಒಳಗೆ ಬರುವ ಬೆಳಕನ್ನು ಸೀಳು ಕತ್ತರಿಸುತ್ತದೆ. ಮೇಲೆ ವಿಷಾನಿಲದ ಮುಖವಾಡ ಬೇರೆ. ಎರಡಕ್ಕೂ ಒಂದೇ ಮುಖದಲ್ಲಿ ಜಾಗವೆಲ್ಲಿ?

ಹೀಗಾಗಿ ಎತ್ತಿಡಬಹುದಾದ ಪರದೆಯನ್ನು ಸೈನಿಕ ಎತ್ತಿಯೇ ಇಡುತ್ತಾನೆ ಎಂಬುದು ನನ್ನ ಅಂದಾಜು. ಗ್ರೈಂಡಿಂಗ್ ಕೆಲಸದಲ್ಲಿ ಕಬ್ಬಿಣದ ಕಣ ಸಿಡಿಸಿಕೊಂಡು ಬರುವವರನ್ನು ಕೇಳಿ ನೋಡಿ: ರಕ್ಷಣಾ ಕನ್ನಡಕ ಇತ್ತು, ಬೆವರಿಗೆ ಮಂಜಾಯಿತೆಂದು ಹಣೆಗೇರಿಸಿದ್ದೆ ಎನ್ನುತ್ತಾರೆ. ಅವರನ್ನು ಗದರಿ ಪ್ರಯೋಜನವಿಲ್ಲ, ಮಂಜು ಹಿಡಿಯದ ಕನ್ನಡಕ ಕೊಡಿಸಬೇಕು.

ಬ್ರಿಟನ್ನಿನ ನೇತ್ರತಜ್ಞ ರಿಚರ್ಡ್ ಕ್ರೂಸ್ ಹೆಲ್ಮೆಟ್ಟಿನ ಅಂಚಿಗೆ ಸರಪಳಿಯ ಜಾಲರಿ ಇಳಿಬಿಟ್ಟು ನೋಡಿದ್ದರು. ಕಣ್ಣೆದುರು ಅದು ತೂಗಾಡಿ ಸೈನಿಕರಿಗೆ ಕಿರಿಕಿರಿಯಾಯಿತು, ಅದೂ ನಿಲ್ಲಲಿಲ್ಲ. 1926ರಲ್ಲಿ ಫ್ರಾನ್ಸ್ ಹೊಸ ಹೆಲ್ಮೆಟ್ ತಂದಾಗ ಹಳೆಯ ಮೃದು ಉಕ್ಕಿನ ಜಾಗಕ್ಕೆ ಗಟ್ಟಿಯಾದ ಮ್ಯಾಂಗನೀಸ್ ಉಕ್ಕು ಬಂತು, ಚಿಪ್ಪು ಒಂದೇ ತುಂಡಾಯಿತು. ಮುಖದ ಕಡೆಗೆ ಮಾತ್ರ ಹಿಂದಿನಂತೆಯೇ ಒಂದು ಅಂಚು, ಅಷ್ಟೇ.