ನುಂಗಿದ ಬೀಜ, ಅರೆದ ಬೀಜ

ಹಣ್ಣಿನ ಬೀಜದ ವಿಷಯವಾಗಿ ಚಿಕ್ಕಮಗಳೂರಿನ ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಎರಡು ಬಗೆಯವರಿದ್ದಾರೆ. ಮಗು ಸೀತಾಫಲದ ಬೀಜವನ್ನೋ ಸೀಬೆಕಾಯಿಯ ಬೀಜವನ್ನೋ ನುಂಗಿಬಿಟ್ಟಿತೆಂದು ಗಾಬರಿಯಿಂದ ಓಡಿಬರುವ ತಂದೆತಾಯಿಗಳು ಮೊದಲನೆಯವರು. ನೇರಳೆ ಬೀಜ, ಪರಂಗಿ ಬೀಜ, ಬೆಣ್ಣೆಹಣ್ಣಿನ ಬೀಜ ಎಂದು ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಪುಡಿ ಮಾಡಿಟ್ಟುಕೊಂಡು ದಿನವೂ ಚಮಚದಲ್ಲಿ ತಿನ್ನುತ್ತ, ಅದೊಂದು ಔಷಧವೆಂದು ಎಣಿಸದೆ, ಬೇರೆ ಯಾವುದೋ ತೊಂದರೆಗೆ ತೋರಿಸಿಕೊಳ್ಳಲು ಬರುವವರು ಎರಡನೆಯವರು. ಮೊದಲನೆಯವರ ಭಯಕ್ಕೆ ಹೆಚ್ಚಿನ ಸಲ ಆಧಾರವಿರುವುದಿಲ್ಲ. ನನಗೆ ಚಿಂತೆ ತರುವುದು ಎರಡನೆಯವರ ಧೈರ್ಯ.

ಪ್ರಾಣಿಯೋ ಪಕ್ಷಿಯೋ ತನ್ನ ಹಣ್ಣನ್ನು ತಿಂದು, ಬೀಜವನ್ನು ಹಾಗೆಯೇ ನುಂಗಿ, ದೂರದಲ್ಲೆಲ್ಲೋ ವಿಸರ್ಜಿಸಿದರೆ ಗಿಡದ ಕೆಲಸ ಆದಂತೆ. ಬೀಜವನ್ನೇ ಅಗಿದು ಜೀರ್ಣಿಸಿಕೊಂಡರೆ ಗಿಡಕ್ಕೆ ನಷ್ಟ. ಆದ್ದರಿಂದ ಹಲವು ಬೀಜಗಳಿಗೆ ನಮ್ಮ ಜೀರ್ಣರಸಕ್ಕೆ ಜಗ್ಗದ ಹೊರಕವಚವಿದೆ, ಒಳಗೆ ಅಗಿದವರನ್ನು ಹಿಮ್ಮೆಟ್ಟಿಸುವ ರಾಸಾಯನಿಕಗಳಿವೆ. ಪರಂಗಿ ಬೀಜವನ್ನು ನೋಡಿ. ಇಡಿಯಾಗಿ ನಾಲಿಗೆಯ ಮೇಲಿಟ್ಟುಕೊಂಡರೆ ಅದಕ್ಕೆ ಹೇಳಿಕೊಳ್ಳುವಂಥ ರುಚಿಯಿಲ್ಲ, ಕಚ್ಚಿದ ಕ್ಷಣದಲ್ಲಿ ಮೂಗಿಗೇರುವ ಖಾರ. ಬೀಜದೊಳಗೆ ಬೇರೆ ಬೇರೆ ಕಡೆ ಇರುವ ಗ್ಲೂಕೋಸಿನೊಲೇಟ್ ಎಂಬ ವಸ್ತುವೂ ಅದನ್ನು ಒಡೆಯುವ ಕಿಣ್ವವೂ ಅಗಿದಾಗ ಒಂದಕ್ಕೊಂದು ತಾಗಿ, ಬೆಂಜೈಲ್ ಐಸೋಥಯೋಸಯನೇಟ್ ಎಂಬ ಘಾಟು ಪದಾರ್ಥ ಹುಟ್ಟುವುದೇ ಇದಕ್ಕೆ ಕಾರಣ. ಸಾಸಿವೆಯನ್ನು ಅರೆದಾಗ ಘಾಟು ಏಳುವುದೂ ಇದೇ ಬಗೆಯ ಕ್ರಿಯೆಯಿಂದ. ಹೀಗಾಗಿ ಬೀಜ ಹೊಟ್ಟೆಗೆ ಹೋಯಿತೆಂದು ಯಾರಾದರೂ ಹೇಳಿದಾಗ ನಾನು ಕೇಳುವ ಮೊದಲ ಪ್ರಶ್ನೆ, ನುಂಗಿದ್ದೋ ಅಗಿದದ್ದೋ ಎಂಬುದು.

ನುಂಗಿದ ಬೀಜ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮಲದೊಡನೆ ಹೊರಬೀಳುತ್ತದೆ. ಸೀಬೆ ಬೀಜ ಅಪೆಂಡಿಕ್ಸಿನಲ್ಲಿ ಸಿಕ್ಕಿಕೊಂಡು ಆಪರೇಷನ್ ಮಾಡಿಸಬೇಕಾಗುತ್ತದೆ ಎಂಬ ಮಾತನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಹಾಗಾಗುವುದು ತೀರ ಅಪರೂಪ. ದೊಡ್ಡ ಕರುಳಿನಲ್ಲಿ ಸಣ್ಣ ಚೀಲಗಳಿರುವವರು ಬೀಜವಿರುವುದನ್ನು ತಿನ್ನಲೇಬಾರದೆಂದು ವೈದ್ಯರೂ ಬಹುಕಾಲ ಹೇಳುತ್ತಿದ್ದರು. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಪುರುಷರನ್ನು 18 ವರ್ಷಗಳ ಕಾಲ ಗಮನಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವು, ಗೋಡಂಬಿ ಬಾದಾಮಿಯಂಥ ಬೀಜಗಳನ್ನೂ ಮೆಕ್ಕೆಜೋಳವನ್ನೂ ತಿನ್ನುವವರಲ್ಲಿ ಆ ಚೀಲಗಳ ಉರಿಯೂತ ಹೆಚ್ಚುವುದಿಲ್ಲವೆಂದು ತೋರಿಸಿದ ಮೇಲೆ ಆ ಸಲಹೆಯೂ ಹಿಂದೆ ಸರಿದಿದೆ.

ಇಡೀ ಬೀಜದಿಂದಲೂ ಆಗುವ ಅಪಾಯಗಳು ಕೆಲವಿವೆ, ಆದರೆ ಅವು ವಿಷದ ಅಪಾಯಗಳಲ್ಲ. ಸಪೋಟ ಬೀಜದ ತುದಿಯಲ್ಲೊಂದು ಸಣ್ಣ ಕೊಕ್ಕೆಯಿರುವುದರಿಂದ ಅದು ಗಂಟಲಿನಲ್ಲಿ ಸಿಕ್ಕಿಕೊಳ್ಳಬಹುದು. ಸೀಬೆ ಅಥವಾ ಕಲ್ಲಂಗಡಿಯ ಬೀಜವನ್ನು ಒಮ್ಮೆಲೇ ಬಹಳ ನುಂಗಿ, ನೀರನ್ನೂ ಕಡಿಮೆ ಕುಡಿದ ಮಕ್ಕಳಲ್ಲಿ ಬೀಜಗಳೆಲ್ಲ ಗುದದ್ವಾರದ ಮೇಲೆ ಗಟ್ಟಿ ಮುದ್ದೆಯಾಗಿ ನಿಂತು, ಮಲವಿಸರ್ಜನೆಯೇ ಅಸಾಧ್ಯವಾಗುವುದುಂಟು. ಇವೆರಡಕ್ಕಿಂತ ಗಂಭೀರವಾದದ್ದು ಶ್ವಾಸನಾಳಕ್ಕೆ ಹೋದ ಬೀಜ. ಹುಣಸೆ ಬೀಜ, ಸೀತಾಫಲದ ಬೀಜ, ಕಡಲೆಕಾಯಿ ಬೀಜ ಬಾಯಲ್ಲಿದ್ದಾಗ ಓಡಿಯೋ ನಕ್ಕೋ ಉಸಿರನ್ನು ಒಳಗೆಳೆದುಕೊಂಡ ಮಗು ಥಟ್ಟನೆ ಕೆಮ್ಮುತ್ತದೆ, ಆಮೇಲೆ ಸುಮ್ಮನಾಗುತ್ತದೆ, ಆ ಮೌನವನ್ನು ನಂಬಿ ಮನೆಯವರು ನಿಶ್ಚಿಂತರಾಗುತ್ತಾರೆ. ಬೀಜ ಎಕ್ಸ್‌ರೇಯಲ್ಲಿ ನೇರವಾಗಿ ಕಾಣುವುದಿಲ್ಲ. ಒಂದೇ ಬದಿಯ ಎದೆಯಲ್ಲಿ ಸುಯ್‌ಗುಟ್ಟುವ ಶಬ್ದ, ಔಷಧ ನಿಲ್ಲಿಸಿದೊಡನೆ ಮರಳುವ ನ್ಯುಮೋನಿಯ, ಇವು ಕಂಡರೆ ವಾರಗಳ ಹಿಂದಿನ ಆ ಒಂದು ಕೆಮ್ಮನ್ನು ವೈದ್ಯರಿಗೆ ಹೇಳಲೇಬೇಕು.

ಸೀತಾಫಲದ ಬೀಜದಲ್ಲಿ ನುಂಗುವುದಕ್ಕೂ ಅರೆಯುವುದಕ್ಕೂ ಇರುವ ಅಂತರ ಬಹಳ ದೊಡ್ಡದು. ಬಾಯಿಂದ ಜಾರಿ ಹೊಟ್ಟೆಗೆ ಹೋದ ಒಂದೆರಡು ಬೀಜಗಳಿಗೆ ಯಾವ ಚಿಕಿತ್ಸೆಯೂ ಬೇಡ. ಅದೇ ಬೀಜವನ್ನು ಕುಟ್ಟಿದಾಗ ಹೊರಬರುವ ಅಸಿಟೋಜೆನಿನ್‌ಗಳೆಂಬ ವಸ್ತುಗಳು ಜೀವಕೋಶದ ಶಕ್ತಿ ಉತ್ಪಾದನೆಯನ್ನೇ ತಡೆಯುವಂಥವು, ಆದ್ದರಿಂದಲೇ ಹೇನು ಸಾಯಿಸಲು ಆ ಪುಡಿಯನ್ನು ತಲೆಗೆ ಹಚ್ಚುವ ರೂಢಿ ಬಂದದ್ದು. ಹಚ್ಚಿದವರು ತಲೆಗೆ ನೀರು ಹಾಕಿಕೊಳ್ಳುವಾಗ ಪುಡಿ ಕಣ್ಣಿಗಿಳಿದು, ಕರಿಗುಡ್ಡೆಯ ಮೇಲ್ಪದರವೇ ಕಿತ್ತುಬಂದು, ರಾತ್ರಿಯಿಡೀ ಕಣ್ಣು ಬಿಡಲಾರದೆ ಬೆಳಿಗ್ಗೆ ಆಸ್ಪತ್ರೆಗೆ ಬರುತ್ತಾರೆ. ಔಷಧದ ಅಂಗಡಿಯಲ್ಲಿ ಹೇನು ಸಾಯಿಸುವ ಪರ್ಮೆಥ್ರಿನ್ ದೊರೆಯುವ ಈ ಕಾಲದಲ್ಲಿ ಇದರ ಅಗತ್ಯವೇ ಇಲ್ಲ. ಇದೇ ಕುಲದ ಲಕ್ಷ್ಮಣಫಲವನ್ನು ಕ್ಯಾನ್ಸರಿಗೆ ಮದ್ದೆಂದು ಹಿತ್ತಲಲ್ಲಿ ನೆಟ್ಟು, ಹಣ್ಣು ಸಾಲದೆಂಬಂತೆ ಎಲೆಯನ್ನೂ ಬೀಜವನ್ನೂ ಕುದಿಸಿ ಕುಡಿಯುವವರು ನಮ್ಮಲ್ಲಿ ಹೆಚ್ಚುತ್ತಿದ್ದಾರೆ. ಕೆರಿಬಿಯನ್ನಿನ ಗ್ವಾಡೆಲೂಪ್ ದ್ವೀಪದಲ್ಲಿ ಈ ಹಣ್ಣನ್ನೂ ಎಲೆಯ ಕಷಾಯವನ್ನೂ ಬಹುಕಾಲ ಸೇವಿಸಿದವರಲ್ಲಿ, ಮಾಮೂಲಿ ಮಾತ್ರೆಗಳಿಗೆ ಬಗ್ಗದ ಪಾರ್ಕಿನ್ಸನ್ ಬಗೆಯ ಕಾಯಿಲೆ ಹೆಚ್ಚಾಗಿರುವುದನ್ನು 1999ರಲ್ಲಿಯೇ ವೈದ್ಯರು ವರದಿ ಮಾಡಿದ್ದಾರೆ. ಕ್ಯಾನ್ಸರ್ ಗುಣವಾಗುತ್ತದೆಂಬುದಕ್ಕೆ ಮನುಷ್ಯರ ಮೇಲಿನ ನಂಬಲರ್ಹ ಪುರಾವೆಯಿಲ್ಲ.

ಇನ್ನು ತಿನ್ನಲು ನಿಜಕ್ಕೂ ಯೋಗ್ಯವಾದ ಬೀಜದ ಮಾತು. ಸಖರಾಯಪಟ್ಟಣದ ಕಡೆಯ ಹಲಸು ಪೇಟೆಗೆ ಬರುವ ದಿನಗಳಲ್ಲಿ ತೊಳೆ ತಿಂದು ಬೀಜವನ್ನು ಎಸೆಯುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ಪ್ರೋಟೀನಿನ ಲೆಕ್ಕದಲ್ಲಿ ತೊಳೆಗಿಂತ ಬೀಜವೇ ಮೇಲು. ಪಿಷ್ಟವೂ ನಾರೂ ಪೊಟ್ಯಾಸಿಯಂ ಮೆಗ್ನೀಸಿಯಂಗಳೂ ಅದರಲ್ಲಿವೆ. ಹಸಿ ಬೀಜದಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಿಯಾಗುವ ಟ್ರಿಪ್ಸಿನ್ ನಿರೋಧಕಗಳಿವೆ, ಜಾಕಲಿನ್ ಎಂಬ ಲೆಕ್ಟಿನ್, ಅಂದರೆ ಸಕ್ಕರೆಯ ಅಣುಗಳಿಗೆ ಅಂಟಿಕೊಳ್ಳುವ ಪ್ರೋಟೀನು, ಇದೆ. ಈ ಜಾಕಲಿನ್ ನಮ್ಮ ದೇಹದ ಒಂದು ಬಗೆಯ ಪ್ರತಿಕಾಯವನ್ನು ಎಷ್ಟು ಚೊಕ್ಕವಾಗಿ ಹಿಡಿದುಕೊಳ್ಳುತ್ತದೆಂದರೆ, ಪ್ರಯೋಗಾಲಯಗಳಲ್ಲಿ ಆ ಪ್ರತಿಕಾಯವನ್ನು ಬೇರ್ಪಡಿಸಲು ಅದನ್ನೇ ಬಳಸುತ್ತಾರೆ. ಬೇಯಿಸಿದರೆ ಅಥವಾ ಕೆಂಡದಲ್ಲಿ ಚೆನ್ನಾಗಿ ಸುಟ್ಟರೆ ಈ ವಸ್ತುಗಳ ಪ್ರಭಾವ ಬಹುಮಟ್ಟಿಗೆ ಅಳಿಯುತ್ತದೆ. ಬೀಜವನ್ನು ಸ್ವಲ್ಪ ಜಜ್ಜಿ, ಪ್ಲಾಸ್ಟಿಕ್ಕಿನಂಥ ಬಿಳಿ ಸಿಪ್ಪೆಯನ್ನು ಮಾತ್ರ ತೆಗೆದು, ಅದರೊಳಗಿನ ಕಂದು ಪೊರೆಯನ್ನು ಉಳಿಸಿಕೊಂಡು, ಉಗುರು ಸಲೀಸಾಗಿ ಇಳಿಯುವಷ್ಟು ಬೇಯಿಸಿದರೆ ಸಾಕು. ಆಮೇಲೆ ಬದನೆಕಾಯಿಯ ಜೊತೆ ಸಾರಿಗೆ ಹಾಕುವುದೋ ಸೌತೆಕಾಯಿಯ ಹುಳಿಗೆ ಹಾಕುವುದೋ ಅವರವರ ಮನೆಯ ರೂಢಿ. ಅದರ ಪಿಷ್ಟದ ಒಂದಂಶ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗಿಳಿದು ಅಲ್ಲಿನ ಬ್ಯಾಕ್ಟೀರಿಯಗಳಿಗೆ ಆಹಾರವಾಗುತ್ತದೆ, ಕರುಳಿನ ಆರೋಗ್ಯಕ್ಕೆ ಅದು ಒಳ್ಳೆಯದೇ, ಪಕ್ಕದಲ್ಲಿ ಕುಳಿತವರಿಗೆ ಅಷ್ಟು ಒಳ್ಳೆಯದಲ್ಲ. ಸಕ್ಕರೆ ಕಾಯಿಲೆಯವರು ಇದನ್ನು ತರಕಾರಿಯ ಲೆಕ್ಕಕ್ಕೆ ಸೇರಿಸದೆ ಅನ್ನದ ಲೆಕ್ಕಕ್ಕೆ ಸೇರಿಸಬೇಕು: ಹತ್ತು ಹನ್ನೆರಡು ಬೀಜ ತಿಂದ ದಿನ ಒಂದು ಸಣ್ಣ ಬಟ್ಟಲಿನಷ್ಟು ಅನ್ನ ಕಡಿಮೆಯಾಗಲಿ. ಮೂತ್ರಪಿಂಡದ ಕಾಯಿಲೆಯಿಂದಾಗಿ ಪೊಟ್ಯಾಸಿಯಂ ಮಿತಿಯಲ್ಲಿರಬೇಕಾದವರು ತಮ್ಮ ವೈದ್ಯರನ್ನು ಕೇಳದೆ ತಿನ್ನಬಾರದು.

ಮಾವಿನ ಗೊರಟಿನ ಒಳತಿರುಳನ್ನು ಭೇದಿಗೆ ಮಜ್ಜಿಗೆಯಲ್ಲಿ ಅರೆದು ತಂಬುಳಿ ಮಾಡಿ ಕೊಡುವ ಪದ್ಧತಿ ಮಲೆನಾಡಿನಲ್ಲಿದೆ. ಅದರಲ್ಲಿರುವ ಟ್ಯಾನಿನ್ನಿನ ಒಗರು ಗುಣವೇ ಅದಕ್ಕೆ ಆಧಾರವಿರಬೇಕು, ಒಂದು ಚೂರಿನಿಂದ ಕೆಡುಕಾಗುವುದಿಲ್ಲ. ತೊಂದರೆ ಶೇಖರಣೆಯದು. ಜೂನಿನ ಮಳೆಯಲ್ಲಿ ಸರಿಯಾಗಿ ಒಣಗದೆ ಅಟ್ಟ ಸೇರಿದ ಗೊರಟಿಗೆ ಬೂಸಲು ಹಿಡಿಯುತ್ತದೆ, ಬೂಸಲಿನ ಕೆಲವು ವಿಷಗಳು ಕುದಿಸಿದರೂ ಹೋಗುವುದಿಲ್ಲ. ಒಡಿಶಾದ ರಾಯಗಡ ಜಿಲ್ಲೆಯಲ್ಲಿ 2001ರಲ್ಲಿ, ಕಂಧಮಾಲ್ ಜಿಲ್ಲೆಯಲ್ಲಿ 2024ರಲ್ಲಿ, ಗೊರಟಿನ ಗಂಜಿ ಕುಡಿದ ಆದಿವಾಸಿಗಳು ಸತ್ತಾಗ, ಹಸಿವಿನ ಪ್ರಶ್ನೆಯ ಜೊತೆಗೆ ಈ ಬೂಸಲಿನ ಪ್ರಶ್ನೆಯೂ ಎದ್ದಿತ್ತು. ಒಳತಿರುಳು ಕಪ್ಪಾಗಿದ್ದರೆ ಅಥವಾ ಮುಗ್ಗಲು ವಾಸನೆ ಬಂದರೆ ಇಡೀ ಗೊರಟನ್ನು ಎಸೆಯಬೇಕು, ಕೆಟ್ಟ ಭಾಗವನ್ನಷ್ಟೇ ಕೆತ್ತಿ ತೆಗೆದರೆ ಸಾಲದು.

ಪರಂಗಿ ಬೀಜವನ್ನು ನಮ್ಮ ಜಿಲ್ಲೆಯವರು ಬಲ್ಲುದು ಮುಖ್ಯವಾಗಿ ಕಾಳುಮೆಣಸಿನ ಕಲಬೆರಕೆಯಾಗಿ. ನೀರಿಗೆ ಹಾಕಿದಾಗ ಒಳ್ಳೆಯ ಮೆಣಸು ಮುಳುಗುತ್ತದೆ, ಒಣಗಿದ ಪರಂಗಿ ಬೀಜ ತೇಲುತ್ತದೆ. ಈಗ ಅದೇ ಬೀಜ ಯಕೃತ್ತನ್ನು ಶುದ್ಧಗೊಳಿಸುತ್ತದೆಂಬ ಹೆಸರಿನಲ್ಲಿ ಮಾನ ಪಡೆದಿದೆ. ಒಣಗಿದ ಬೀಜವನ್ನು ಜೇನುತುಪ್ಪದಲ್ಲಿ ಕೊಟ್ಟಾಗ ಮಕ್ಕಳ ಕರುಳಿನ ಹುಳುಗಳು ಕಡಿಮೆಯಾದವೆಂದು ನೈಜೀರಿಯದ ಒಂದು ಸಣ್ಣ ಅಧ್ಯಯನ 2007ರಲ್ಲಿ ತೋರಿಸಿದ್ದು ನಿಜ. ಆದರೆ ಒಂದೇ ಮಾತ್ರೆಯ ಆಲ್ಬೆಂಡಜೋಲ್ ಶಾಲೆ ಅಂಗನವಾಡಿಗಳಲ್ಲಿ ಉಚಿತವಾಗಿ ಸಿಗುವಾಗ ಅದರಿಂದ ನಮಗಾಗುವ ಉಪಯೋಗ ಅಷ್ಟಕ್ಕಷ್ಟೇ. ಇನ್ನೊಂದು ಕಡೆ, ಜೈಪುರದ ರಾಜಸ್ಥಾನ ವಿಶ್ವವಿದ್ಯಾಲಯದ ಸಂಶೋಧಕರು ಗಂಡು ಮುಸುವಗಳಿಗೆ ಈ ಬೀಜದ ಸಾರವನ್ನು ಕೊಟ್ಟಾಗ ವೀರ್ಯಾಣುಗಳು ಇಲ್ಲವಾದವು, ನಿಲ್ಲಿಸಿದ ಮೇಲೆ ಮರಳಿದವು. ಮಗುವಿಗಾಗಿ ಪ್ರಯತ್ನಿಸುತ್ತಿರುವ ದಂಪತಿಗಳಲ್ಲಿ ಗಂಡ ಆರೋಗ್ಯಕ್ಕೆಂದು ಇದನ್ನು ತಿನ್ನುತ್ತಿದ್ದರೆ ನಿಲ್ಲಿಸುವುದು ಲೇಸು. ಗರ್ಭಿಣಿಯರಂತೂ ಇದರ ಗೊಡವೆಗೆ ಹೋಗಲೇಬಾರದು.

ಪುಡಿಗಳಲ್ಲಿ ನಾನು ಅತಿ ಹೆಚ್ಚಾಗಿ ಕಾಣುವುದು ನೇರಳೆ ಬೀಜದ್ದು. ಕಡೂರು ಕಡೆಯ ಹಿರಿಯರೊಬ್ಬರು ಮಧ್ಯಾಹ್ನದ ಹೊತ್ತಿಗೆ ಬೆವರು, ನಡುಕ, ತೊದಲು ಮಾತು ಎಂದು ಬಂದಿದ್ದರು. ಮನೆಯವರು ಪಾರ್ಶ್ವವಾಯುವೆಂದುಕೊಂಡಿದ್ದರು, ಬೆರಳಿನ ತುದಿಯ ರಕ್ತದಲ್ಲಿ ಸಕ್ಕರೆ 50ರ ಕೆಳಗಿತ್ತು. ಹೊಸದಾಗಿ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ ಎಂದರೆ ಇಲ್ಲವೆಂದರು. ಪುಡಿಗಿಡಿ ಏನಾದರೂ ಎಂದು ಬಿಡಿಸಿ ಕೇಳಿದಾಗ ಮಗಳು, “ಅದೊಂದಿದೆ ಡಾಕ್ಟ್ರೇ, ನೇರಳೆ ಬೀಜದ್ದು, ಮನೇಲೇ ಮಾಡಿದ್ದು, ಬೆಳಿಗ್ಗೆ ಸಂಜೆ ಎರಡೆರಡು ಚಮಚ” ಎಂದು ಚೀಲದಿಂದ ಹಾರ್ಲಿಕ್ಸ್ ಬಾಟಲಿ ತೆಗೆದರು. ನೇರಳೆ ಬೀಜಕ್ಕೆ ರಕ್ತದ ಸಕ್ಕರೆಯನ್ನು ಅಲ್ಪಸ್ವಲ್ಪ ಇಳಿಸುವ ಗುಣವಿದೆಯೆಂದು ಪ್ರಾಣಿಗಳ ಮೇಲಿನ ಪ್ರಯೋಗಗಳೂ ಮನುಷ್ಯರ ಮೇಲಿನ ಕೆಲವು ಸಣ್ಣ ಅಧ್ಯಯನಗಳೂ ಸೂಚಿಸಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ರತಿ ಮರದ, ಪ್ರತಿ ಬಾಟಲಿಯ ಪುಡಿಯ ಬಲ ಬೇರೆ ಬೇರೆ, ಅದನ್ನು ಅಳೆಯುವ ದಾರಿ ಮನೆಯಲ್ಲಿಲ್ಲ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯೊಂದನ್ನೇ ನುಂಗುವವರಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ನುಂಗುವವರು, ಇನ್ಸುಲಿನ್ ಚುಚ್ಚಿಸಿಕೊಳ್ಳುವವರು ಊಟವನ್ನೂ ತಡಮಾಡಿ ಮೇಲೆ ಪುಡಿಯನ್ನೂ ತಿಂದರೆ ಕುಸಿತ ತೀವ್ರವಾಗಬಹುದು. ವಯಸ್ಸಾದವರಲ್ಲಿ, ಮೂತ್ರಪಿಂಡ ದುರ್ಬಲವಾದವರಲ್ಲಿ, ಸಕ್ಕರೆ ಕೊಟ್ಟು ಎಬ್ಬಿಸಿದ ಕೆಲವು ಗಂಟೆಗಳ ಮೇಲೆ ಅದು ಮತ್ತೆ ಇಳಿಯುವುದೂ ಇದೆ, ಆದ್ದರಿಂದ ಅಂಥವರನ್ನು ಒಂದು ದಿನವಾದರೂ ಆಸ್ಪತ್ರೆಯಲ್ಲಿಟ್ಟು ನೋಡಿಕೊಳ್ಳಬೇಕಾಗುತ್ತದೆ. ಮನೆಯಲ್ಲಿ 70ಕ್ಕಿಂತ ಕಡಿಮೆ ಕಂಡರೆ, ಎಚ್ಚರವಿರುವವರಿಗೆ ಮೂರು ಚಹಾ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ಮೇಲೆ ಮತ್ತೆ ಪರೀಕ್ಷಿಸಬೇಕು. ಎಚ್ಚರವಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆತರಬೇಕು. ಇದರ ವಿರುದ್ಧ ದಿಕ್ಕಿನ ಅನಾಹುತವೂ ಅಷ್ಟೇ ಸಾಮಾನ್ಯ: ಪುಡಿಯನ್ನು ನಂಬಿ ಮಾತ್ರೆ ಬಿಟ್ಟು, ಆರು ತಿಂಗಳ ನಂತರ ವಾಸಿಯಾಗದ ಕಾಲಿನ ಹುಣ್ಣಿನೊಡನೆ ಬರುವವರು.

ಕಾಫಿ ತೋಟಗಳಲ್ಲಿ ಧಾರಾಳವಾಗಿ ಬೆಳೆಯುವ ಬೆಣ್ಣೆಹಣ್ಣಿನ ಬೀಜವನ್ನು ತುರಿದು ಒಣಗಿಸಿ ತಿನ್ನುವುದು ಇತ್ತೀಚಿನ ಗೀಳು. ಅದು ಮನುಷ್ಯರಿಗೆ ಸುರಕ್ಷಿತವೆಂದು ಯಾರೂ ಸಾಬೀತುಪಡಿಸಿಲ್ಲ, ಹಣ್ಣನ್ನು ಮಾರುವ ಕ್ಯಾಲಿಫೋರ್ನಿಯದ ಬೆಳೆಗಾರರ ಮಂಡಳಿಯೇ ಬೀಜ ತಿನ್ನಲು ಶಿಫಾರಸು ಮಾಡುವುದಿಲ್ಲ. ಮೆತ್ತನೆಯ, ಸತ್ವವುಳ್ಳ ಹಣ್ಣು ಕೈಯಲ್ಲಿರುವಾಗ ಈ ಕಹಿ ಬೀಜವನ್ನು ತುರಿಯುವ ಶ್ರಮ ನನಗಂತೂ ಅರ್ಥವಾಗಿಲ್ಲ.

ಕಾಫಿಯೂ ಹಣ್ಣಿನ ಬೀಜವೇ ಎಂದು ಕೆಲವರು ವಾದಕ್ಕೆ ನಿಲ್ಲುತ್ತಾರೆ. ಹೌದು, ಹುರಿದು ಬಸಿದು ಕುಡಿಯುವ ಆ ಬೀಜದ ಬಗ್ಗೆ ಆಗಿರುವಷ್ಟು ಅಧ್ಯಯನ ಬೇರೆ ಬೀಜಗಳ ಮೇಲೆ ಆಗಿಲ್ಲ. ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400 ಮಿಲಿಗ್ರಾಂ, ಗರ್ಭಿಣಿಯರಿಗೆ 200 ಮಿಲಿಗ್ರಾಂವರೆಗಿನ ಕೆಫೀನ್ ಚಿಂತೆಯ ವಿಷಯವಲ್ಲವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದೆ. ಈ ವಾದವನ್ನು ಮುಂದುವರಿಸಿದರೆ ಅಡಿಕೆಯ ಮಾತನ್ನೂ ಆಡಬೇಕಾಗುತ್ತದೆ, ಕೊಪ್ಪ, ಶೃಂಗೇರಿ, ತರೀಕೆರೆಯ ಓದುಗರಿಗೆ ಇದು ರುಚಿಸಲಾರದು. ಅಡಿಕೆಯೂ ಉಷ್ಣವಲಯದ ಹಣ್ಣೊಂದರ ಬೀಜ, ಅದನ್ನು ಅಗಿಯುತ್ತಲೇ ಗಂಟೆಗಟ್ಟಲೆ ಬಾಯಲ್ಲಿಟ್ಟುಕೊಳ್ಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ತಂಬಾಕು ಬೆರೆಯದ ಅಡಿಕೆಯನ್ನೂ 2004ರಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಕ್ಯಾನ್ಸರಿಗೂ ಮುಂಚೆ ಕೆನ್ನೆಯ ಒಳಪದರ ಬಿಳಿಚಿಕೊಂಡು ಬಿಗಿಯುತ್ತದೆ, ಸಾರಿನ ಖಾರ ಉರಿಯತೊಡಗುತ್ತದೆ, ಬಾಯಿ ದಿನೇದಿನೇ ಕಿರಿದಾಗುತ್ತದೆ. ನಿಮ್ಮ ಕೈಯ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮೇಲಿನ ಮತ್ತು ಕೆಳಗಿನ ಮುಂಭಾಗದ ಹಲ್ಲುಗಳ ನಡುವೆ ತೂರಿಸಿ ನೋಡಿ. ತೂರದಿದ್ದರೆ ಅಡಿಕೆಯನ್ನು ಅಂದೇ ನಿಲ್ಲಿಸಿ, ಆ ವಾರದಲ್ಲೇ ದಂತವೈದ್ಯರಿಗೆ ಬಾಯಿ ತೋರಿಸಿ.